ಕಲಬುರಗಿಯಾಗ ಬಾಡಿಗಿ ಮನಿ ಹುಡುಕೋದು ಹೆಂಗ, "ಯಾವ ಮಂದಿ ರೀ?" ಅಂದ್ರ ಏನ್ ಮಾಡೋದು

ಟ್ರಾನ್ಸ್‌ಫರ್ ಆಗಿ ಬರೋರು, ಓದ್ಲಾಕ ಬರೋರು ಎಲ್ಲಾರೂ ಮೊದಲ ಏಜೆಂಟಗ ಕೇಳೋದು "ಯಾವ ಏರಿಯಾ ಛಲೋ ಅದ?" ಅಂತ. ಹಂಗ ಕೇಳಬ್ಯಾಡ್ರಿ. ಅವ್ರು ನಿಮ್ಮ ಅಡ್ಡಹೆಸರು ಕೇಳಿ ಏರಿಯಾ ಹೇಳ್ತಾರ, ರೋಜಾ ಕಡಿ ಇಂಥವ್ರು, ಬ್ರಹ್ಮಪುರ ಕಡಿ ಇಂಥವ್ರು ಅಂತ ಅವ್ರ ತಲ್ಯಾಗ ಮೊದಲೇ ಹಂಚಿಕಿ ಆಗಿರ್ತದ. ನೀವು ದಿನಾ ಎಲ್ಲಿಗಿ ಹೋಗಬೇಕು, ಮಕ್ಕಳ ಸಾಲಿ ಎಲ್ಲದ, ಅದನ್ನ ಹೇಳ್ರಿ. ಗುಲಬರ್ಗಾ ಯುನಿವರ್ಸಿಟಿ ಇಲ್ಲಾ ಇಎಸ್ಐ ಆಸ್ಪತ್ರಿ ಕೆಲಸ ಇದ್ರ ಸೇಡಂ ರೋಡ್ ಕಡಿ, ಕಡಗಂಚಿ ಸೆಂಟ್ರಲ್ ಯುನಿವರ್ಸಿಟಿ ಇದ್ರ ಆಳಂದ ರೋಡ್ ಕಡಿ ತೋರಸ್ರಿ ಅಂತ ಗಟ್ಟಿಯಾಗಿ ಹೇಳ್ರಿ.

ಮನಿ ನೋಡ್ಲಾಕ ಸಂಜಿ ನಾಲ್ಕೈದಕ್ಕ ಹೋಗ್ರಿ, ಮುಂಜಾನಿ ಬ್ಯಾಡ. ಮ್ಯಾಲಿನ ಫ್ಲೋರ್ ಇದ್ರ ಪಶ್ಚಿಮದ ಗ್ವಾಡಿಗಿ ಅಂಗೈ ಹಚ್ಚಿ ನೋಡ್ರಿ, ನಳ ತಿರುವಿ ಟಾಕಿ ನೀರು ಎಷ್ಟು ಸುಡ್ತದ ನೋಡ್ರಿ, ಏಪ್ರಿಲ್ ಮೇ ತಿಂಗಳದಾಗ ನೀವು ಅದರಾಗೇ ಇರ್ಬೇಕು. ನಳ ಎಷ್ಟು ದಿನಕ್ಕೊಮ್ಮಿ ಬರ್ತದ, ಬ್ಯಾಸಗ್ಯಾಗ ಬೋರ್ ನಡೀತದೋ ಇಲ್ಲೋ ಅಂತ ಮಾಲಕರಿಗಲ್ಲ, ಬಾಜೂ ಮನಿಯವ್ರಿಗಿ ಕೇಳ್ರಿ. ಹಂಗೇ ಓಣಿ ಗಟಾರ ಮುಚ್ಚ್ಯಾರೇನು, ಕಸದ ಗಾಡಿ ಬರ್ತದೇನು ನೋಡ್ರಿ. ಊರು ಜಾತಿ ಜಾತಿಯಾಗಿ ಒಡದ್ರ ಸೌಲತ್ತುನೂ ಹಂಗೇ ಒಡೀತದ, ಬಡವ್ರ ಓಣಿ ಗಟಾರ ವರ್ಷಗಟ್ಟಲೆ ತೆರದೇ ಇರ್ತದ, ಇದು ನನಗ ಭಾಳ ಸಂಕಟದ ಮಾತು.

ಈಗ ಆ ಪ್ರಶ್ನಿ. ಎಲ್ಲಾ ಮಾತು ಮುಗದ ಮ್ಯಾಲ ಕೇಳ್ತಾರ, "ನೀವು ಯಾವ ಮಂದಿ ರೀ?" ಅಂದ್ರ ಯಾವ ಜಾತಿ, ಯಾವ ಧರ್ಮ ಅಂತ. ಹೆಸರು ಮುಚ್ಚಿಡಬ್ಯಾಡ್ರಿ, ನಾಳಿ ಗೊತ್ತಾದ್ರ ಹೆಂಡತಿ ಮಕ್ಕಳನ್ನ ಕಟಗೊಂಡು ಮತ್ತ ಮನಿ ಹುಡುಕಬೇಕಾಗ್ತದ. ಕೆಲಸ ಏನು, ಮನ್ಯಾಗ ಎಷ್ಟು ಜನ, ಬಾಡಿಗಿ ಯಾವ ತಾರೀಖಿಗಿ ಕೊಡ್ತೀವಿ, ಇದನ್ನ ನೀವಾಗೇ ಮೊದಲ ಹೇಳಿಬಿಡ್ರಿ. "ವೆಜ್ ಓನ್ಲಿ" ಅಂದ್ರ ಅದು ಊಟದ ಮಾತಷ್ಟೇ ಅಂತ ತಿಳ್ಕೋಬ್ಯಾಡ್ರಿ, ಭಾಳ ಕಡಿ ಅದು ಜಾತಿ ಕೇಳೋ ಇನ್ನೊಂದು ದಾರಿ.

ಫೋನಿನ್ಯಾಗ "ಇವತ್ತೇ ಬಂದು ನೋಡ್ರಿ" ಅಂದವ್ರು ಹೆಸರು ಕೇಳಿದ ಕೂಡ್ಲೆ "ಮನಿ ಹೋಗ್ಯಾದ ರೀ" ಅಂದ್ರ, ಬ್ಯಾರೆ ಹೆಸರಿನ ಗೆಳೆಯಗ ಅದೇ ನಂಬರಿಗಿ ಫೋನ್ ಹಚ್ಚಲಾಕ ಹೇಳ್ರಿ, ಅವಗ "ಬರ್ರಿ" ಅಂದ್ರ ಅಡ್ಡಿ ನಿಮ್ಮ ಹೆಸರಿಗೇ ಅಂತ ತಿಳೀತದ. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತವ್ರ ಜೊತೆಗಾರರು ದೆಹಲಿ ಸುತ್ತಮುತ್ತ ಹಿಂಗೇ ಬ್ಯಾರೆ ಬ್ಯಾರೆ ಹೆಸರಿನ್ಯಾಗ ಮನಿ ಕೇಳಿಸಿ 2015ರಾಗ ಲೇಖನ ಬರದಾರ, ದಲಿತ ಮತ್ತ ಮುಸ್ಲಿಂ ಹೆಸರಿಗಿ ಇಲ್ಲ ಅನ್ನೋದು ಜಾಸ್ತಿ ಕಂಡದ. ಅಂದ್ರ ನಿಮ್ಮ ಮಾತಿನ್ಯಾಗ ಏನೂ ತಪ್ಪಿಲ್ಲ, ಮನಸಿಗಿ ಹಚ್ಚಿಕೊಂಡು ಕೂಡಬ್ಯಾಡ್ರಿ, ಮುಂದಿನ ಮನಿ ನೋಡ್ರಿ. ಜಾತಿ ಧರ್ಮ ನೋಡಿ ಯಾರನ್ನೂ ತಡೀಬಾರದು ಅನ್ನೋ ಸಂವಿಧಾನದ 15(2)ನೇ ವಿಧಿಯಾಗ ಅಂಗಡಿ, ಹೋಟೆಲ್, ಬಾವಿ, ಕೆರಿ, ರಸ್ತಾ ಹೆಸರದ, ಬಾಡಿಗಿ ಮನಿ ಹೆಸರಿಲ್ಲ, ಅದಕ್ಕೇ ಬರೇ ಮನಿ ಕೊಡಲಿಲ್ಲ ಅಂತ ಕಾನೂನು ಹಿಡಿಯೋದು ಕಠಿಣ. ಆದ್ರ ದಲಿತರಿಗಿ, ಆದಿವಾಸಿಗಳಿಗಿ ನಾಲ್ಕು ಮಂದಿ ಮುಂದ ಜಾತಿ ಹಿಡದು ಬೈದ್ರ 1989ರ ದೌರ್ಜನ್ಯ ತಡೆ ಕಾಯ್ದಿ ಅದ, ಸುಮ್ನಿರಬ್ಯಾಡ್ರಿ.

ಮನಿ ಕೊಡೋರಿಗಿ ನನ್ನ ವಿನಂತಿ. ನೀವು ಯಾರನ್ನೂ ದ್ವೇಷ ಮಾಡ್ಲಿಕ್ಕಿಲ್ಲ, "ನಮ್ಮವ್ರು ನಾಲ್ಕು ಮನಿ ಬಾಜೂಕ ಇರಲಿ" ಅಂತಷ್ಟೇ ಅನ್ಸಿರಬಹುದು. ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1971ರಾಗೇ ತೋರಿಸ್ಯಾರ, ಎಲ್ಲಾರೂ ಅಷ್ಟೇ ಬಯಸಿದ್ರೂ ಸಾಕು, ಒಬ್ಬೊಬ್ಬರೇ ಜಾಗ ಬದಲಿ ಮಾಡ್ಕೋತ ಹೋಗಿ ಕಡೀಕ ಇಡೀ ಊರು ಎರಡು ಹೋಳಾಗ್ತದ. ಶರಣಬಸಪ್ಪನ ಜಾತ್ರಿಗಿ, ಬಂದೇನವಾಜ ಉರುಸಿಗಿ ಎಲ್ಲಾ ಮಂದಿ ಕೂಡಿ ಹೋಗೋ ಊರಾಗ ಒಂದೇ ಗೇಟಿನೊಳಗ ಇರ್ಲಾಕ ಆಗಲ್ಲಂದ್ರ ಹೆಂಗ? ನಿಮಗ ಏನು ತ್ರಾಸಾಗ್ತದ ಅದನ್ನೇ ಷರತ್ತು ಮಾಡ್ರಿ: ಐದನೇ ತಾರೀಖಿನೊಳಗ ಬಾಡಿಗಿ, ಹತ್ತು ಗಂಟೆ ಮ್ಯಾಲ ಗದ್ಲ ಬ್ಯಾಡ, ಮೋಟರ್ ಯಾರು ಯಾವಾಗ ಹಚ್ಚಬೇಕು. ಇವನ್ನ 11 ತಿಂಗಳ ಅಗ್ರಿಮೆಂಟಿನ್ಯಾಗ ಬರಸ್ರಿ, ವರ್ಷ ದಾಟಿದ್ರ ರಿಜಿಸ್ಟರ್ ಮಾಡಿಸ್ಬೇಕಾಗ್ತದ. ಡಿಪಾಜಿಟ್ ಎಷ್ಟು, ಬಿಡುವಾಗ ಪೇಂಟಿಂಗಿಗಿ ಎಷ್ಟು ಮುರ್ಕೋತೀರಿ ಅನ್ನೋದೂ ಅದರಾಗೇ ಇರಲಿ, ಕರಾರಿನ ಒಂದು ಕಾಪಿ ಬಾಡಿಗಿಯವ್ರಿಗಿ ಅವತ್ತೇ ಕೊಡ್ರಿ.