ಆಷಾಢದಲ್ಲಿ ಪಾಲಿಶ್ ಹೊಡೆದ ಕತೆ

"ಮಳೆಗಾಲದಲ್ಲಿ ಪಾಲಿಶಾ? ಮೊದಲು ಒಂದು ಹಪ್ಪಳ ಒಣಗಿಸಿ ತೋರಿಸು ಮಾರಾಯ, ಮೇಜಿನ ಮಾತು ಆಮೇಲೆ."

ನಮ್ಮ ಕಡೆಯ ಹಿರೇ ಮೇಸ್ತ್ರಿಯೊಬ್ಬರು ನಾಲ್ಕು ಜನರ ಎದುರು ಹೀಗೆ ಅಂದು ನಾಲ್ಕು ವರ್ಷ ಆಯ್ತು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತೀರ್ಥಹಳ್ಳಿ ಸೀಮೆಯಲ್ಲಿ ಜೂನ್ ಮಧ್ಯದಿಂದ ಸೆಪ್ಟೆಂಬರ್ ತನಕ ಪಾಲಿಶ್‌ನವರು ಒಂದೋ ಬಯಲುಸೀಮೆಗೆ ಕೆಲಸ ಹುಡುಕಿಕೊಂಡು ಹೋಗ್ತಾರೆ, ಇಲ್ಲಾ ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕ್ತಾರೆ. ನಾನೂ ಹತ್ತು ಹನ್ನೆರಡು ಮಳೆಗಾಲ ಹಾಗೇ ಕೂತವನು. ಶೆಡ್ಡಿನ ಬಾಡಿಗೆ, ಇಬ್ಬರು ಹುಡುಗರ ಸಂಬಳ ಸೇರಿ ತಿಂಗಳಿಗೆ ಮೂವತ್ತೆರಡು ಸಾವಿರದ ಹತ್ತಿರ ಕೈಬಿಟ್ಟು ಹೋಗುತ್ತಿತ್ತು, ಬರೋದು ಮಾತ್ರ ಬರೀ ಕೀಲು ರಿಪೇರಿಯ ಕಾಸು.

ಶ್ರಾವಣದಲ್ಲಿ ಗೃಹಪ್ರವೇಶ ಇಟ್ಟುಕೊಂಡ ಮನೆಯವರೊಬ್ಬರು ಬಿಡಲಿಲ್ಲ ಅಂತ ಸಾಗುವಾನಿಯ ಊಟದ ಮೇಜು, ಆರು ಕುರ್ಚಿ ಒಪ್ಪಿಕೊಂಡೆ. ಮೆಲಮೈನ್ ಅನ್ನೋ ಬೇಗ ಆರುವ ಪಾಲಿಶ್ ಹೊಡೆದೆ. ಹೊರಗೆ ಜಡಿಮಳೆ. ಹತ್ತೇ ನಿಮಿಷದಲ್ಲಿ ಮೇಜಿನ ಮೇಲೆ ಮಜ್ಜಿಗೆ ಚೆಲ್ಲಿ ಒರೆಸಿದ ಹಾಗೆ ಬೆಳ್ಳಗಾಯ್ತು. ಥಿನ್ನರ್ ಹೆಚ್ಚು ಮಾಡಿ ಇನ್ನೊಂದು ಕೋಟ್ ಕೊಟ್ಟೆ, ಇನ್ನೂ ಬೆಳ್ಳಗಾಯ್ತು. ಪಾಲಿಶ್ ನಿಧಾನ ಆರುವಂತೆ ಮಾಡುವ ರಿಟಾರ್ಡರ್ ತರಿಸಿ ಹಾಕಿದೆ, ಬಿಳುಪು ಹೋಯ್ತು, ಆದರೆ ಮೂರು ದಿನವಾದರೂ ಬೆರಳಚ್ಚು ಬೀಳೋದು ನಿಲ್ಲಲಿಲ್ಲ. ಕೊನೆಗೆ ಪೂರ್ತಿ ಕೆರೆದು ತೆಗೆದು, ಬರೀ ಮೇಣ ತಿಕ್ಕಿ ಕೊಟ್ಟು, "ದೀಪಾವಳಿ ಕಳೀಲಿ, ಬಂದು ಮಾಡಿಕೊಡ್ತೀನಿ" ಅಂತ ಕೈಮುಗಿದು ಬಂದೆ. ಸಾಮಾನು, ಕೂಲಿ, ಎರಡನೇ ಸಲದ ಗಾಡಿ ಬಾಡಿಗೆ ಎಲ್ಲ ಸೇರಿ ಹದಿನಾಲ್ಕು ಸಾವಿರ ಹೋಯ್ತು. ಹಪ್ಪಳದ ಮಾತು ಬಂದದ್ದು ಆಗಲೇ.

ಮಾರನೇ ವರ್ಷ ಒಂದು ತೇವಾಂಶ ನೋಡುವ ಮೀಟರ್ ತಗೊಂಡೆ, ಸಾವಿರದ ಎಂಟುನೂರೋ ಏನೋ ಬಿತ್ತು. ಏಪ್ರಿಲ್‌ನಲ್ಲಿ ಶೇಕಡಾ 11, 12 ತೋರಿಸಿದ ಹಲಗೆ ಜುಲೈನಲ್ಲಿ 19, 20 ತೋರಿಸ್ತು. ನಾವು ಗಾಳಿಯ ತೇವವನ್ನು ಬೈತಿದ್ವಿ, ನೀರು ಮರದೊಳಗೂ ಕೂತಿತ್ತು. ಬಲ್ಬು, ಹೀಟರ್ ಅಂತ ಪ್ರಯತ್ನ ಮಾಡಿದೆ. ಕರೆಂಟೇ ಇಲ್ಲದ ಊರಲ್ಲಿ ಬಲ್ಬು ಏನು ಮಾಡೀತು!

ಪಕ್ಕದ ತೋಟದವರ ಅಡಿಕೆ ಡ್ರೈಯರ್ ಕಣ್ಣಿಗೆ ಬಿದ್ದದ್ದು ಅದೇ ಹೊತ್ತಿಗೆ. ಕೊಯ್ಲು ಶುರುವಾಗುವ ತನಕ ಅದು ಖಾಲಿ. ಒಳಗೆ ಬೆಕ್ಕು ಮರಿ ಹಾಕಿತ್ತು. ಬೆಂಕಿ ಹೊರಗಿನ ಒಲೆಯಲ್ಲಿ, ಬಿಸಿ ಮಾತ್ರ ಕೊಳವೆಯಲ್ಲಿ ಒಳಗೆ ಬರುವ ಮಾದರಿ. ಹಾಗಾಗಿ ಹೊಗೆ ಹಿಡಿಯುವ ಭಯ ಇಲ್ಲ. ಕೇಳಿದೆ. "ನಿಂಗೆ ತಲೆ ಕೆಟ್ಟಿದೆ, ಆದ್ರೂ ಬಳಸ್ಕೊ, ಸೌದೆ ನಿಂದೇ" ಅಂದರು.

ಮೊದಲ ಸಲ ದುರಾಸೆ ಮಾಡಿದೆ. ಅಡಿಕೆಗೆ ಕೊಡುವಷ್ಟೇ ಉರಿ ಕೊಟ್ಟೆ. ಬೆಳಿಗ್ಗೆ ಬಾಗಿಲು ತೆಗೆದರೆ ಎರಡಡಿ ಅಗಲದ ಹಲಸಿನ ಹಲಗೆ ನಡುವೆ ಗೆರೆ ಎಳೆದ ಹಾಗೆ ಸೀಳಿತ್ತು. ಅಂಥ ಅಗಲದ ಹಲಸು ಈಗ ಎಲ್ಲಿ ಸಿಗುತ್ತೆ ಹೇಳಿ. ಅದನ್ನ ಎರಡು ಮಣೆ ಮಾಡಿ ಮಾರಿದೆ. ಅಲ್ಲಿಂದ ಮುಂದೆ ಬರೀ ಬೆಚ್ಚಗೆ, ಕೈ ಇಟ್ಟರೆ ಹಸುವಿನ ಮೈ ಮುಟ್ಟಿದಷ್ಟು. ನಾಲ್ಕೈದು ದಿನ ಹಾಗೇ ಬಿಟ್ಟು, ಮೀಟರ್ 13ಕ್ಕೆ ಇಳಿದ ಮೇಲೇ ಹೊರಗೆ. ಡಿಗ್ರಿ ಎಷ್ಟು ಅಂತ ಹುಡುಗರಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ಎರಡು ಮಾತು ಮಾತ್ರ ಮುಚ್ಚಿಡದೆ ಹೇಳ್ತೀನಿ. ಉರಿ ಪೂರ್ತಿ ಆರಿಸದೆ ಸ್ಪಿರಿಟ್, ಥಿನ್ನರ್ ಡಬ್ಬಿಯನ್ನು ಆ ಕಟ್ಟಡದ ಹತ್ತಿರಕ್ಕೂ ಒಯ್ಯಬೇಡಿ. ಡ್ರೈಯರ್ ಇರೋದು ಮರ ಬೆಚ್ಚಗಾಗೋಕೆ, ಹೊಡೆಯೋದು ಶೆಡ್ಡಿನಲ್ಲೇ. ಇನ್ನೊಂದು, ಮರ ಬಿಸಿ ಏರುತ್ತಿರುವಾಗ ಕೋಟ್ ಕೊಡಬೇಡಿ, ಒಳಗಿನ ಗಾಳಿ ಉಬ್ಬಿ ಗುಳ್ಳೆ ಏಳುತ್ತೆ. ತಣಿಯುತ್ತಾ ಬರುವಾಗ ಕೊಟ್ಟರೆ ಮರವೇ ಕೋಟನ್ನು ಒಳಗೆ ಎಳಕೊಳ್ಳುತ್ತೆ.

ಮೊದಲ ಕೋಟ್ ಯಾವಾಗಲೂ ಅರಗು. ನಮ್ಮ ಅಪ್ಪನ ಕಾಲದ ಪಾಲಿಶೇ, ಮಾರ್ಕಿನ್ ಬಟ್ಟೆಯ ಉಂಡೆಯಲ್ಲಿ ತಿಕ್ಕುವುದು. ಆದರೆ ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಒಂದು ವಾರ ಗಾಜಿನ ಭರಣಿಯಲ್ಲಿ ಅಲ್ಲಾಡಿಸದೆ ಇಡಬೇಕು. ಅರಗಿನೊಳಗಿನ ಮೇಣ ತಳಕ್ಕೆ ಕೂರುತ್ತೆ, ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಬೇಕು. ಮೇಣ ಇದ್ದರೆ ಮೇಲೆ ಕೊಡುವ ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಶ್, ಹಾವಿನ ಪೊರೆ ಬಿಟ್ಟ ಹಾಗೆ ಸುಲಿಯುತ್ತೆ. ಸುಲಿದಿದೆ, ಒಂದು ಜೋಡಿ ಬಾಗಿಲಿಗೆ. ಸ್ಪಿರಿಟ್ ಅಗ್ಗದ್ದು ತಂದರೂ ಕಷ್ಟ. ನೀರು ಬೆರೆತದ್ದಾದರೆ ಅರಗೂ ಬೆಳ್ಳಗಾಗುತ್ತೆ. ಅರಗಿನದು ಮೂರು ತೆಳು ಕೋಟ್, ನಡುವೆ 320 ನಂಬರಿನ ಉಜ್ಜುವ ಪೇಪರ್, ಆಮೇಲೆ ಮ್ಯಾಟ್ ಪಿಯು ಎರಡು. ಪಿಯು ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಡಬ್ಬಿ ಒಮ್ಮೆ ತೆಗೆದರೆ ಮಳೆಗಾಲದಲ್ಲಿ ಒಂದೇ ವಾರಕ್ಕೆ ಜೇನುತುಪ್ಪ ಆಗುತ್ತೆ, ಅದಕ್ಕೆ ಸಣ್ಣ ಡಬ್ಬಿಯೇ ತರಬೇಕು. ದರ ಹೆಚ್ಚಾದರೂ ಕೊನೆಗೆ ಅದೇ ಅಗ್ಗ.

ಈ ಅರಗಿನ ಅಸ್ತರು ಇಲ್ಲದೆ ಬೀಟೆಯ ಮೇಲೆ ವಾರ್ನಿಷ್ ಹಾಕಿ ಅತ್ತವರು ನನ್ನ ಹಾಗೆ ಇನ್ನೂ ಇರಬಹುದು. ಹಳೇ ಮನೆ ಬಿಚ್ಚಿದ ಬೀಟೆ ಹಲಗೆಯಿಂದ ಮಾಡಿದ ಮಂಚಕ್ಕೆ ಎಣ್ಣೆ ವಾರ್ನಿಷ್ ಕೊಟ್ಟು ಇಪ್ಪತ್ತು ದಿನ ಕಾದೆ, ಹಾಸಿಗೆ ಅಂಟಿಕೊಂಡಿತು. ಮರದ ರಸವೇ ವಾರ್ನಿಷನ್ನು ಆರಲು ಬಿಡಲ್ಲ.

ಹೊನ್ನೆಯದು ಇನ್ನೊಂದು ಆಟ. ಸಕ್ಕರೆ ಕಾಯಿಲೆಯವರು ಹೊನ್ನೆ ಲೋಟದಲ್ಲಿ ನೀರಿಟ್ಟು ಕುಡೀತಾರಲ್ಲ, ನೀರಿಗೆ ಬಣ್ಣ ಬಿಡುತ್ತಲ್ಲ, ಅದೇ ಮರಕ್ಕೆ ನೀರಿನ ಬಿಳಿ ಪೇಂಟ್ ಹೊಡೆಯಿರಿ ನೋಡೋಣ. ಬೆಂಗಳೂರಿನಿಂದ ಬಂದ ಹುಡುಗರೊಬ್ಬರಿಗೆ ಅಜ್ಜಿಯ ಹೊನ್ನೆ ಬೀರು ಬಿಳಿಯಾಗಬೇಕಿತ್ತು. ಹೊಡೆದೆ. ಮಾರನೇ ದಿನ ಎಲೆಅಡಿಕೆ ಉಗಿದ ಗೋಡೆ ಥರ ಇತ್ತು. ಮತ್ತೆ ಪ್ರೈಮರ್, ಮತ್ತೆ ಕಲೆ. ನಾಲ್ಕು ಕೋಟ್ ಆದ ಮೇಲೆ ಬುದ್ಧಿ ಬಂದು ಅರಗು ಕೊಟ್ಟೆ, ನಿಂತಿತು. ಹೊನ್ನೆಗೆ ಪೇಂಟ್ ಹೊಡೆಯೋದು ನನ್ನ ಪ್ರಕಾರ ಪಾಪವೇ, ಆದರೆ ಕಾಸು ಕೊಡುವವರು ಅವರು.

ಪೇಂಟ್ ಬೇಡ ಅಂತಲ್ಲ. ಅಕೇಶಿಯಾ, ಸಿಲ್ವರ್ ಓಕ್, ರಬ್ಬರ್ ಮರ, ತೇಪೆ ಹೆಚ್ಚಿರುವ ಹಳೇ ಸಾಮಾನು ಇವಕ್ಕೆ ಎನಾಮೆಲ್ಲೇ ಮರ್ಯಾದೆ. ನಾರೇ ಚೆನ್ನಾಗಿಲ್ಲದ ಮರಕ್ಕೆ ಚದರಡಿಗೆ ಇನ್ನೂರು ರೂಪಾಯಿಯ ಪಿಯು ಯಾಕೆ? ಪೇಂಟ್ ನಲವತ್ತೈವತ್ತರಲ್ಲಿ ಮುಗಿಯುತ್ತೆ. ಮಕ್ಕಳಿರುವ ಮನೆಗೂ ನಾನು ಪೇಂಟ್ ಅಂತಲೇ ಹೇಳೋದು, ಗೀಚಿದರೆ ಅದೇ ಡಬ್ಬಿಯಿಂದ ಅವರೇ ತೇಪೆ ಹಾಕಿಕೊಳ್ಳಬಹುದು.

ಮರದ ಬಣ್ಣ ಬದಲಿಸಲು ಹಚ್ಚುವ ಸ್ಟೈನ್ ಬಗ್ಗೆ ನಂಗೆ ಕೋಪ ಇದೆ. ಹಲಸಿನ ಮಂಚ ಅರಿಸಿನದ ಹಾಗೆ ಹಳದಿ ಅಂತ ಒಬ್ಬರು ಗಲಾಟೆ ಮಾಡಿ ವಾಲ್‌ನಟ್ ಬಣ್ಣದ ಸ್ಟೈನ್ ಹಾಕಿಸಿದರು. ಹಲಸು ತಾನಾಗಿಯೇ ಬೆಳಕಿಗೆ ಕಂದಾಗುತ್ತೆ ಅಂದರೆ ಕೇಳಲಿಲ್ಲ. ಎರಡು ವರ್ಷಕ್ಕೆ ಮಂಚ ಹಂಚಿನ ತಳದ ಹಾಗೆ ಕಪ್ಪಾಗಿ, ಬೈಗುಳ ನಂಗೇ ಬಂತು. ಈಗ ಹಲಸಾದರೆ ಬಿಸಿಲು ಇರುವಾಗ ನಾಲ್ಕು ದಿನ ಅಂಗಳದಲ್ಲಿಟ್ಟು, ತಿರುಗಿಸಿ ತಿರುಗಿಸಿ ಕಾಯಿಸಿ, ಆಮೇಲೆ ಮನೆಯವರನ್ನ ಕರೀತೀನಿ. ಹೊನ್ನೆ ಚೌಕಟ್ಟನ್ನು ಬೀಟೆ ಹಲಗೆಗೆ ಹೊಂದಿಸುವಾಗ ಮಾತ್ರ ಸ್ಟೈನ್ ಬೇಕು. ಅದರ ಬೆರಕೆ ನನ್ನ ಹೊಟ್ಟೆಪಾಡು, ಕೇಳಬೇಡಿ.

ನಡುವೆ ಒಂದು ಹುಚ್ಚು. ಕಬ್ಬಿಣದ ಮೊಳೆ, ಬೆಲ್ಲ ಹಾಕಿದ ನೀರನ್ನು ಹದಿನೈದು ದಿನ ಹುಳಿ ಬರಿಸಿದೆ. ಸಿಲ್ವರ್ ಓಕ್ ಹಲಗೆಗೆ ಮೊದಲು ಅಳಲೆಕಾಯಿ ಕಷಾಯ, ಆರಿದ ಮೇಲೆ ಈ ನೀರು. ಕಣ್ಣೆದುರೇ ಕಪ್ಪಾಯ್ತು, ಪೆನ್ಸಿಲ್ಲಿನ ಕಪ್ಪು. ಬೀಟೆ ಅಂತ ಯಾಮಾರಿಸಬಹುದು ಅಂದುಕೊಂಡಿದ್ದೆ, ಆಗಲಿಲ್ಲ. ಬೀಟೆಯ ಕೆಂಪು ಗೆರೆ ಎಲ್ಲಿಂದ ಬರಬೇಕು? ಆದರೆ ಒಂದು ಹೋಂಸ್ಟೇಯವರು ಎಂಟು ಸ್ಟೂಲ್ ಹಾಗೇ ಬೇಕು ಅಂದರು. ಬೆಲ್ಲ, ಮೊಳೆ, ಅಳಲೆ ಸೇರಿ ಖರ್ಚು ನೂರೈವತ್ತು ದಾಟಿರಲಿಲ್ಲ. ನಾನು ತಗೊಂಡದ್ದು ಎಷ್ಟು ಅನ್ನೋದು ಹೆಂಡತಿಗೂ ಗೊತ್ತಿಲ್ಲ.

ಚನ್ನಪಟ್ಟಣದವರ ಹಾಗೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸಲೂ ನೋಡಿದೆ. ಹಾಲೆ ಮರದ ಚಿಕ್ಕ ಗುಬುಟಿಗೆ ಬಂತು. ಸ್ಟೂಲಿನ ಕಾಲಿಗೆ ಅರಗು ಗಂಟುಗಂಟಾಗಿ ಕೂತು ಕುಷ್ಠ ಬಂದಂತೆ ಕಂಡಿತು. ಅವರ ಕೈಗೆ ಕೈ ಮುಗಿದು ಬಿಟ್ಟೆ.

ಅಂಗಳದ ಬೆಂಚಿಗೆ ಪಿಯು ಹಾಕಿ ಒಂದು ವರ್ಷದಲ್ಲಿ ಚಕ್ಕೆ ಎದ್ದದ್ದು ಕಂಡ ಮೇಲೆ ಹೊರಗಿನ ಸಾಮಾನಿಗೆಲ್ಲ ಎಣ್ಣೆ ಅಂತ ತೀರ್ಮಾನ ಮಾಡಿದೆ. ಅಗಸೆ ಎಣ್ಣೆ ಹಚ್ಚಿದೆ, ಮಳೆಗಾಲಕ್ಕೆ ಬೂಸ್ಟು ಹಸಿರು ಶಾಲು ಹೊದೆಸಿತು. ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆದಿದ್ದೆ, ಸಂಜೆಗೆ ತಾನೇ ಹೊಗೆಯಾಡ್ತಿತ್ತು. ಈಗ ಬಟ್ಟೆ ಬಿಡಿಸಿ ತಂತಿಗೆ ಹಾಕ್ತೀವಿ. ಕರಾವಳಿಯವರು ದೋಣಿಗೆ ಬಳಿಯುವ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ತಂದು ನೋಡಿದೆ, ಗ್ಲೌಸ್ ಇಲ್ಲದೆ ಮುಟ್ಟಿ ಎರಡೂ ಮುಂಗೈ ಬೊಬ್ಬೆ ಎದ್ದು ಹತ್ತು ದಿನ ಉಳಿ ಹಿಡಿಯಲಿಲ್ಲ. ಬೆಂಚಿನ ಕಾಲು ಮಾತ್ರ ನಾಲ್ಕನೇ ಮಳೆಗಾಲದಲ್ಲೂ ಗಟ್ಟಿ ಇದೆ, ಕುಟ್ಟೆ ಹಿಡಿದಿಲ್ಲ. ಬಣ್ಣ ಕಪ್ಪು, ವಾಸನೆ ಒಂದು ತಿಂಗಳು. ಕೊಟ್ಟಿಗೆ ಕಂಬಕ್ಕೆ, ಬೇಲಿಗೆ ಸಾಕು, ಕೂರುವ ಜಾಗಕ್ಕೆ ಬೇಡ.

ಹೋದ ಮಳೆಗಾಲ ಡ್ರೈಯರಿನಲ್ಲಿ ಹನ್ನೊಂದು ಆರ್ಡರ್ ಮುಗಿಸಿದೆ. ಸೌದೆಗೆ ಆರೇಳು ಸಾವಿರ, ಡ್ರೈಯರಿನವರಿಗೆ ಬಾಡಿಗೆ ಬದಲು ಊಟದ ಮೇಜಿಗೆ ಪಾಲಿಶ್. ಎಲ್ಲ ಕಳೆದು ಎಂಬತ್ತೆರಡೋ ಎಂಬತ್ತೈದೋ ಸಾವಿರ ಉಳೀತು, ಮೊದಲೆಲ್ಲ ಕೈಯಿಂದ ಹೋಗುತ್ತಿದ್ದ ತಿಂಗಳುಗಳಲ್ಲಿ. ಒಂದು ಟೀಪಾಯಿ ಮಾತ್ರ ವಾಪಸ್ ಬಂತು. ತಳಭಾಗಕ್ಕೆ ಕೋಟ್ ಕೊಡೋದು ಹುಡುಗ ಮರೆತಿದ್ದ, ಹಲಗೆ ದೋಣಿಯಾಗಿತ್ತು.

ಡ್ರೈಯರಿನವರಿಗೆ ಈಗ ವ್ಯಾಪಾರ ತಿಳಿದಿದೆ, ಈ ಸಲ ಮೇ ತಿಂಗಳಲ್ಲೇ ಬಾಡಿಗೆ ಮೂರು ಸಾವಿರ ಅಂತ ಹೇಳಿಕಳಿಸಿದ್ದಾರೆ. ಹಪ್ಪಳದ ಮೇಸ್ತ್ರಿಯವರ ಕಡೆಯಿಂದಲೂ ಹೋದ ವಾರ ಗೂಡ್ಸ್ ಆಟೋದಲ್ಲಿ ಎರಡು ಕುರ್ಚಿ ಬಂದಿವೆ. ಅವರು ಬಂದಿಲ್ಲ, ಅಳಿಯ ಬಂದಿದ್ದ. ಆಷಾಢದೊಳಗೆ ಆಗಬೇಕಂತೆ. ಕೆರೆದು ನೋಡಿದೆ, ಹೊನ್ನೆ. ಮಗಳಿಗೆ ಬಿಳಿ ಬಣ್ಣ ಇಷ್ಟವಂತೆ.