ಏರ್‌ಫೋರ್ಸ್ ಕೆಲಸ ಕಡಿಮೆ ಆದ್ರ ಬೀದರಿನ ಸಣ್ಣ ಕಾಂಟ್ರಾಕ್ಟರ್ ಏನ್ ಮಾಡ್ಬೇಕು?

ಬೀದರ್ ಏರ್‌ಫೋರ್ಸ್ ಸ್ಟೇಷನ್ ಅಂದ್ರ ಹೊರಗಿನವ್ರಿಗೆ ಹಾಕ್ ವಿಮಾನ, ಸೂರ್ಯಕಿರಣ್ ಟೀಮ್ ನೆನಪಾಗ್ತದ. ಊರಾಗಿನ ಎಷ್ಟೋ ಮಂದಿಗೆ ಅದು ಕೆಲಸ ಸಿಗೋ ಜಾಗ. ಕ್ವಾರ್ಟರ್ಸ್ ರಿಪೇರಿ, ಪೇಂಟಿಂಗ್, ಒಳಗಿನ ರೋಡ್, ಪೈಪ್‌ಲೈನ್ ಇವೆಲ್ಲ ಎಂಇಎಸ್ (ಸೇನೆಯ ಕಟ್ಟಡ ಕೆಲಸ ನೋಡ್ಕೊಳ್ಳೋ ಮಿಲಿಟರಿ ಇಂಜಿನಿಯರ್ ಸರ್ವಿಸಸ್) ಟೆಂಡರ್ ಮೂಲಕ ಬರ್ತಾವ, ಫಂಡ್ ಟೈಟ್ ಆದ್ರ ಮುಂದಕ್ಕ ಹಾಕೋದು ಸುಲಭ ಇರೋದೂ ಇವೇ. ಅಮೆರಿಕದಾಗ 2013ರಲ್ಲಿ ಸೀಕ್ವೆಸ್ಟ್ರೇಷನ್ ಅಂತ ರಕ್ಷಣಾ ಖರ್ಚು ಒಮ್ಮೆಲೇ ಕತ್ತರಿಸಿದಾಗ ಬೇಸ್‌ಗಳ ಕಟ್ಟಡ ರಿಪೇರಿ ಮುಂದೂಡಿದ್ರು, ಸಿವಿಲಿಯನ್ ನೌಕರರನ್ನ ಸಂಬಳ ಇಲ್ದೆ 6 ದಿನ ಮನಿಗೆ ಕಳಿಸಿದ್ರು.

ನಮ್ಮಲ್ಲಿ ಬಜೆಟ್ ಏರ್ಲಿಕತ್ತದಲ್ಲ ಅಂತೀರಿ. ಹೌದು, 2025-26ಕ್ಕ ರಕ್ಷಣೆಗೆ ಇಟ್ಟಿದ್ದು ಸುಮಾರು 6.81 ಲಕ್ಷ ಕೋಟಿ. ಅದ್ರಾಗ ಪಿಂಚಣಿಗೇ 1.60 ಲಕ್ಷ ಕೋಟಿ ಹೋಗ್ತದ, ಕ್ಯಾಪಿಟಲ್ ಅಂದ್ರ ಹೊಸ ಆಸ್ತಿ ಮಾಡೋ ಖರ್ಚು, ಆ 1.80 ಲಕ್ಷ ಕೋಟಿಯಾಗ ದೊಡ್ಡ ಪಾಲು ಹೊಸ ವಿಮಾನ, ಶಸ್ತ್ರಾಸ್ತ್ರ ಖರೀದಿಗೆ. ಹಂಗಾಗಿ ಟೋಟಲ್ ಏರಿದ್ರೂ ನಿಮ್ಮ ಗೇಟಿನ ಕೆಲಸ ಇಳೀಬಹುದು. ಅದಕ್ಕ ಎಂಇಎಸ್ ಆಫೀಸಿನಾಗ ಮೊದಲು ಕೇಳ್ಬೇಕಾದ್ದು, ನನ್ನ ಕೆಲಸ ಮೆಂಟೆನೆನ್ಸ್ ಫಂಡ್‌ದಾ ಇಲ್ಲಾ ಕ್ಯಾಪಿಟಲ್ ಫಂಡ್‌ದಾ, ಈ ವರ್ಷಕ್ಕ ಎಷ್ಟು ರೊಕ್ಕ ಬಂದದ? ಕೇಳೋದ್ರಾಗ ನಾಚಿಕಿ ಏನಿಲ್ಲ.

ಎರಡನೇದು ಬಿಲ್ಲು, ಇಲ್ಲೇ ಭಾಳ ಮಂದಿ ಮುಳುಗ್ತಾರ. ಕೆಲಸ ಪೂರಾ ಮುಗಿಸಿ ಒಮ್ಮೆ ದೊಡ್ಡ ಬಿಲ್ ಹಾಕೋಣ ಅಂತ ಕೂಡ್ಬ್ಯಾಡ್ರಿ, ಆರ್‌ಎಆರ್ ಅಂದ್ರ ರನ್ನಿಂಗ್ ಬಿಲ್ ಕರಾರಿನಾಗ ಅವಕಾಶ ಇದ್ದಷ್ಟೂ ಹಾಕ್ತಾ ಹೋಗ್ರಿ. ಮಣ್ಣಾಗ, ಕಾಂಕ್ರೀಟಿನಾಗ ಮುಚ್ಚಿ ಹೋಗೋ ಕೆಲಸದ ಅಳತೆ ಮುಚ್ಚೋಕ್ಕಿಂತ ಮೊದಲೇ ಆಗ್ಬೇಕು. ಸ್ಲ್ಯಾಬ್ ಹಾಕೋ ಹಿಂದಿನ ದಿನ ಕಬ್ಬಿಣ ಕಟ್ಟಿ ಮುಗಿದಿರ್ತದ ನೋಡ್ರಿ, ಆವಾಗ್ಲೇ ಜೆಇ (ಜೂನಿಯರ್ ಇಂಜಿನಿಯರ್) ಅವ್ರನ್ನ ಕರೆಸಿ ರಾಡಿನ ಸೈಜು, ಅಂತರ ಎಲ್ಲ ಬರೆಸಿ ಸಹಿ ತಗೋರಿ, ಕಾಂಕ್ರೀಟ್ ಬಿದ್ದ ಮ್ಯಾಲ ಯಾರೂ ಒಡೆದು ಎಣಿಸಲ್ಲ. ಬಾಯಿ ಮಾತಿನಾಗ ಹೇಳಿದ ಎಕ್ಸ್‌ಟ್ರಾ ಕೆಲಸ ಲಿಖಿತ ಆರ್ಡರ್ ಬರೋತನಕ ಮಾಡ್ಲೇಬ್ಯಾಡ್ರಿ.

ಕೆಲಸ ನಿಲ್ಸಿ ಅಂದ್ರ ಅದೇ ದಿನ ಸೈಟಿನಾಗ ಏನೇನು ಬಿದ್ದದ ಅಂತ ಲಿಸ್ಟ್, ಫೋಟೋ ಮಾಡಿ ಗ್ಯಾರಿಸನ್ ಇಂಜಿನಿಯರ್ (ಎಂಇಎಸ್ ಕೆಲಸದ ಉಸ್ತುವಾರಿ ಅಧಿಕಾರಿ) ಆಫೀಸಿಗೆ ಲೆಟರ್ ಕೊಟ್ಟು ಇನ್‌ವರ್ಡ್ ಸೀಲ್ ಹಾಕಿಸ್ಕೋರಿ. ಸೆಂಟ್ರಿಂಗ್ ಪ್ಲೇಟಿಗೆ, ಜಾಕಿಗೆ ಬಾಡಿಗಿ ದಿನದ ಲೆಕ್ಕದಾಗ ಓಡ್ತದ, ಕೆಲಸ ನಡೀಲಿ ನಿಲ್ಲಲಿ. ವಾಪಸ್ ಕಳಿಸಬೇಕಾ ಇಟ್ಕೋಬೇಕಾ ಅಂತ ಅದೇ ಲೆಟರಿನಾಗ ಕೇಳ್ರಿ.

ಇನ್ನ ಲೇಬರ್. ಔರಾದ್, ಭಾಲ್ಕಿ ಕಡೆಯಿಂದ ಬಂದ ಗಂಡ ಹೆಂಡ್ತಿ ಇಬ್ರೂ ಒಂದೇ ಸೈಟಿನಾಗ ದುಡೀತಿದ್ರ ಕೂಲಿ ನಿಂತ ವಾರ ಆ ಮನಿ ಒಲಿನೇ ನಿಲ್ತದ. ಬಿಲ್ ಬಂದಿಲ್ಲ ಅಂತ ಅವ್ರ ರೊಕ್ಕ ತಡೀಬಾರ್ದು, ಕೈಯಾಗ ಇದ್ದಿದ್ರಾಗ ಮೊದಲು ಕೂಲಿ, ಆಮೇಲೆ ಸಿಮೆಂಟ್ ಅಂಗಡಿ. ಕಾನೂನೂ ಹಂಗೇ ಅದ, ಕಾಂಟ್ರಾಕ್ಟರ್ ಕೊಡದಿದ್ರ ಕೂಲಿ ಕೊಡೋ ಹೊಣೆ ಮುಖ್ಯ ಮಾಲೀಕರ, ಅಂದ್ರ ಕೆಲಸ ಕೊಟ್ಟವ್ರ ಮ್ಯಾಲ ಬರ್ತದ, ಅವ್ರು ಅದನ್ನ ನಿಮ್ಮ ಬಿಲ್ಲಿನಾಗೇ ಮುರ್ಕೋತಾರ.

ಸಾಮಾನು ಸಪ್ಲೈ, ಸರ್ವಿಸ್ ಮಾಡೋರು ಉದ್ಯಮ್ (ಸಣ್ಣ ಉದ್ಯಮ ಅಂತ ಸರ್ಕಾರದಾಗ ಹೆಸರು ಹಚ್ಚೋ) ರಿಜಿಸ್ಟ್ರೇಷನ್ ಮಾಡಿಸ್ಕೋರಿ, ಅದೂ ಆರ್ಡರ್ ಹಿಡಿಯೋಕ್ಕಿಂತ ಮೊದಲು. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕ ಹೆಚ್ಚಂದ್ರ 45 ದಿನದಾಗ ರೊಕ್ಕ ಬರ್ಬೇಕು, ತಡ ಆದ್ರ ಆರ್‌ಬಿಐ ಹೇಳೋ ಬ್ಯಾಂಕ್ ರೇಟಿನ ಮೂರುಪಟ್ಟು ಚಕ್ರಬಡ್ಡಿ, ಎಂಎಸ್‌ಎಂಇ ಇಲಾಖೆಯ ಆನ್‌ಲೈನ್ ಪೋರ್ಟಲ್‌ನಾಗ ಕಂಪ್ಲೇಂಟ್ ಹಾಕಬಹುದು. ಆದ್ರ ವರ್ಕ್ಸ್ ಕಾಂಟ್ರಾಕ್ಟಿಗೆ ಇದು ಅನ್ವಯ ಆಗಲ್ಲ ಅಂತ ಬಾಂಬೆ ಹೈಕೋರ್ಟ್ ಹೇಳಿದ ತೀರ್ಪುಗಳು ಅದಾವ, ಕಟ್ಟಡ ಕೆಲಸದವ್ರು ಇದೊಂದನ್ನೇ ನಂಬಿ ಕೂಡಂಗಿಲ್ಲ.

ಒಂದೇ ಗೇಟ್ ನಂಬಿದವ್ರಿಗೆ ಪೆಟ್ಟು ಜಾಸ್ತಿ. ಕೆಪಿಪಿಪಿ ಅಂದ್ರ ರಾಜ್ಯ ಸರ್ಕಾರದ ಟೆಂಡರ್ ಪೋರ್ಟಲ್‌ನಾಗ ಹೆಸರು ಹಚ್ಚಿದ್ರ ಕಲ್ಯಾಣ ಕರ್ನಾಟಕ ಮಂಡಳಿ ಅನುದಾನದ ಶಾಲಿ ಕಟ್ಟಡ, ರೋಡ್, ಪಿಡಬ್ಲ್ಯುಡಿ ಟೆಂಡರ್ ಕಾಣ್ತಾವ. ಸಪ್ಲೈಯರ್‌ಗಳಿಗೆ ಜೆಮ್ ಅಂತ ಕೇಂದ್ರ ಸರ್ಕಾರದ ಖರೀದಿ ಪೋರ್ಟಲ್ ಅದ. ಏರ್‌ಫೋರ್ಸ್ ಕೆಲಸ ಚೆನ್ನಾಗಿ ನಡೀವಾಗ್ಲೇ ಇದನ್ನ ಮಾಡಿಡ್ರಿ, ಡಾಕ್ಯುಮೆಂಟ್ ಹೊಂದಿಸ್ಲಿಕ್ಕೇ ಟೈಮ್ ಹಿಡೀತದ.

ಕೊನೀಗೆ ಫೈನಲ್ ಬಿಲ್. ಅದ್ರ ಜೊತಿ ನಂದೇನೂ ಬಾಕಿ ಕ್ಲೇಮ್ ಇಲ್ಲ ಅನ್ನೋ ಸರ್ಟಿಫಿಕೇಟ್ ಇರ್ತದ, ರೊಕ್ಕ ಬಂದ್ರ ಸಾಕು ಅಂತ ಓದದೇ ಸಹಿ ಹಾಕಿದ್ರ ನಿಂತ ದಿನಗಳ ಬಾಡಿಗಿ, ಎಕ್ಸ್‌ಟ್ರಾ ಕೆಲಸ ಎಲ್ಲಾ ಕೈ ಬಿಟ್ಟಂಗ. ಬಾಕಿ ಇದ್ರ ಐಟಂವಾರು ಬರೆದು ಬಿಲ್ಲಿಗೆ ಹಚ್ಚಿ ಕೊಡ್ರಿ, ಒಂದು ಕಾಪಿ ಸೀಲ್ ಹಾಕಿಸಿ ಮನ್ಯಾಗ ಇಟ್ಕೋರಿ, ಮುಂದ ಆರ್ಬಿಟ್ರೇಷನ್‌ಗೆ (ಕೋರ್ಟಿನ ಹೊರಗ ಮಧ್ಯಸ್ಥರು ಮಾಡೋ ತೀರ್ಮಾನಕ್ಕ) ಹೋದ್ರ ಮೊದಲು ಕೇಳೋದೇ ಆ ಹಾಳಿ.