ಪದ ಆಮೇಲೆ, ಮೊದಲು ಕಾರು ಓಡಲಿ: ಪುಟ್ಟ ಮಕ್ಕಳಿಗೆ ಬಲ, ಚಲನೆ ಹೇಳಿಕೊಡುವುದು ಹೀಗೆ

ಐದು ವರ್ಷದ ಮಗುವನ್ನು ಎದುರಿಗೆ ಕೂರಿಸಿಕೊಂಡು ‘ಬಲ ಎಂದರೇನು ಗೊತ್ತಾ?’ ಎಂದು ಶುರು ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಎರಡೇ ನಿಮಿಷಕ್ಕೆ ಮಗುವಿನ ಗಮನ ಕಿಟಕಿಯಾಚೆ ಹೋಗಿರುತ್ತದೆ. ಮೊದಲು ಕೈಗೆ ಕೆಲಸ ಕೊಡಿ.

ಹಂತ 1: ತಳ್ಳು, ಎಳೆ

ಮನೆಯೊಳಗೆ ಒಂದು ಸುತ್ತು ಹಾಕಿ. ಬಾಗಿಲು, ಡ್ರಾಯರ್, ಕುರ್ಚಿ, ಕಾಲುಚೀಲ. ಯಾವುದನ್ನು ತಳ್ಳುತ್ತೇವೆ, ಯಾವುದನ್ನು ಎಳೆಯುತ್ತೇವೆ ಅಂತ ಮಗುವೇ ಹೇಳಲಿ. ಇಷ್ಟು ಸಾಕು.

ಹಂತ 2: ಇಳಿಜಾರು

ಎಲ್ಲರೂ ಎಡವುವುದು ಇಲ್ಲೇ. ಸುಮಾರು ಒಂದು ಮೀಟರ್ ಉದ್ದದ ಹಲಗೆ, ಒಂದು ತುದಿಯ ಕೆಳಗೆ ಎರಡು ದಪ್ಪ ಪುಸ್ತಕ, ಒಂದು ಆಟಿಕೆ ಕಾರು. ಬ್ಯಾಟರಿ ಕಾರು, ಹಿಂದಕ್ಕೆಳೆದು ಬಿಟ್ಟರೆ ಓಡುವ ಕಾರು ಬೇಡವೇ ಬೇಡ. ಅವನ್ನು ಒಳಗಿನ ಮೋಟಾರು, ಸ್ಪ್ರಿಂಗ್ ಓಡಿಸುತ್ತವೆ. ಇಳಿಜಾರಿನ ಕೆಲಸ ಕಾಣುವುದೇ ಇಲ್ಲ. ಕಾರು ಸೊಟ್ಟ ಓಡಿದರೆ ತಿರುಗಿಸಿ ನೋಡಿ. ಚಕ್ರದ ಕಡ್ಡಿಗೆ ಕೂದಲೋ ದಾರವೋ ಸುತ್ತಿಕೊಂಡಿರುತ್ತದೆ.

ಕಾರನ್ನು ಕೈಯಿಂದ ಬಿಡಬಾರದು. ಎಷ್ಟೇ ಹೇಳಿದರೂ ಮಗು ಸ್ವಲ್ಪ ನೂಕಿಯೇ ಬಿಡುತ್ತದೆ, ದೊಡ್ಡವರೂ ಅಷ್ಟೇ. ಕಾರಿನ ಮುಂದೆ ಸ್ಕೇಲ್ ಅಡ್ಡ ಹಿಡಿದು, ಅದನ್ನು ಮೇಲಕ್ಕೆತ್ತಿ. ಎತ್ತುವ ಮೊದಲು ‘ಎಲ್ಲಿ ಹೋಗಿ ನಿಲ್ಲುತ್ತೆ?’ ಎಂದು ಕೇಳಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ಈ ಊಹೆಯೇ ಆಟದ ಜೀವ. ತಪ್ಪು, ಸರಿ ಅನ್ನಬೇಡಿ. ಮೂರು ಸಲ ಓಡಿಸಿ.

ಆಮೇಲೆ ಇನ್ನೊಂದು ಪುಸ್ತಕ ಸೇರಿಸಿ. ಪುಸ್ತಕ ಮಾತ್ರ! ಅದೇ ಹೊತ್ತಿಗೆ ಕಾರನ್ನೂ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಮಗುವಿಗಿರಲಿ, ನಿಮಗೂ ತಿಳಿಯುವುದಿಲ್ಲ. ಈಗ ಮತ್ತೆ ಎರಡೇ ಪುಸ್ತಕ ಇಟ್ಟು, ಹಲಗೆ ಮುಗಿಯುವ ಕಡೆ ನೆಲಕ್ಕೆ ಟವಲ್ ಹಾಸಿ. ಹೀಗೆ ಹಾಸಿದಾಗ ಒಬ್ಬ ಪುಟ್ಟಿ ಟವಲ್ಲಿನ ಮೇಲೆ ಅಂಗೈ ಎಳೆದು ನೋಡಿ, ‘ಇದು ಕಾರನ್ನ ಹಿಡ್ಕೊಳ್ತಿದೆ’ ಅಂದಳು. ‘ಘರ್ಷಣೆ’ ಎಂಬ ಪದ ಕೊಡಬೇಕಾದ್ದು ಆ ಕ್ಷಣದಲ್ಲಿ.

ಕಾರು ಯಾಕೆ ನಿಂತಿತು ಅಂದರೆ ‘ಸುಸ್ತಾಯ್ತು’, ‘ತಳ್ಳಿದ್ದು ಖಾಲಿಯಾಯ್ತು’ ಅನ್ನುವ ಮಕ್ಕಳೇ ಜಾಸ್ತಿ. ದಯವಿಟ್ಟು ಹೂಂ ಅನ್ನಬೇಡಿ. ಓಡುತ್ತಿರುವ ವಸ್ತುವನ್ನು ಏನೂ ತಡೆಯದಿದ್ದರೆ ಅದು ಅದೇ ವೇಗದಲ್ಲಿ ನೇರವಾಗಿ ಓಡುತ್ತಲೇ ಇರುತ್ತದೆ. 1687ರಲ್ಲಿ ನ್ಯೂಟನ್ ತನ್ನ ಮೊದಲ ನಿಯಮವಾಗಿ ಬರೆದದ್ದು ಇದನ್ನೇ. ಮಗುವಿಗೆ ನಿಯಮ ಬೇಡ. ‘ಯಾರು ನಿಲ್ಲಿಸಿದ್ದು?’ ಎಂದು ಕೇಳಿ, ಸಾಕು. ಟವಲ್ ಕಂಡಿದೆಯಲ್ವಾ, ನುಣುಪು ನೆಲವೂ ಸ್ವಲ್ಪ ಹಿಡಿಯುತ್ತದೆ ಅನ್ನುವುದು ತಾನಾಗಿ ಹೊಳೆಯುತ್ತದೆ.

ಹಂತ 3: ಬೀಳುವುದು

ಒಂದೇ ಅಳತೆಯ ಎರಡು ಹಾಳೆ. ಒಂದನ್ನು ಉಂಡೆ ಮಾಡಿ, ಎರಡನ್ನೂ ಒಂದೇ ಎತ್ತರದಿಂದ ಒಟ್ಟಿಗೆ ಬಿಡಿ. ತೂಕ ಒಂದೇ, ಆದರೂ ಉಂಡೆ ಮೊದಲು ಬೀಳುತ್ತದೆ. ಹರಡಿದ ಹಾಳೆಯನ್ನು ಗಾಳಿ ಜಾಸ್ತಿ ತಡೆಯುತ್ತದೆ. ಗಾಳಿಯೇ ಇಲ್ಲದ ಚಂದ್ರನ ಮೇಲೆ 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಸುತ್ತಿಗೆ, ಗರಿ ಎರಡನ್ನೂ ಒಟ್ಟಿಗೆ ಕೈಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಆ ವಿಡಿಯೊ ಸಿಗುತ್ತದೆ. ಹಾಳೆಯ ಆಟ ಮುಗಿದ ಮೇಲಷ್ಟೇ ತೋರಿಸಿ.

ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಇಳಿಜಾರಿಗೆ ಗೋಲಿ ಬಳಸಬೇಡಿ, ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕುತ್ತದೆ. ಹಲಗೆಯನ್ನು ಒಂದು ವಾರ ಅಲ್ಲೇ ಬಿಡಿ. ಎರಡನೇ ದಿನಕ್ಕೆ ಚಮಚ, ಚಪ್ಪಲಿ, ಸೋಪು ಎಲ್ಲವೂ ಅದರ ಮೇಲಿಂದ ಇಳಿಯುತ್ತಿರುತ್ತವೆ.